ಗೃಹತಾಪನ, ಉಷ್ಣೋದಕ ಮತ್ತು ವಾಯುಸಂಚಾರ: ವಾಸಗೃಹದ ಪ್ರಮಾಣನಿರ್ಣಯ

ಶೀತಪ್ರಧಾನವಾದ ದೇಶಗಳಲ್ಲಿ ಒಂದು ಕುಟುಂಬದ ವಾಸಗೃಹವನ್ನು ಚಳಿಗಾಲದಲ್ಲಿ ಬೆಚ್ಚಗಿರಿಸುವುದಕ್ಕೂ, ಸ್ನಾನ ಪ್ರಕ್ಷಾಲನಾದಿಗಳಿಗೆ ಬಿಸಿನೀರನ್ನು ಒದಗಿಸುವುದಕ್ಕೂ, ಉಸಿರಾಟದಿಂದಲೂ ಅಡಿಗೆಯಿಂದಲೂ ಕೆಟ್ಟ ಗಾಳಿಯನ್ನು ಹೊರದೂಡಿ ಹೊಸ ಗಾಳಿಯನ್ನು ಒಳತರುವುದಕ್ಕೂ ಏರ್ಪಡಿಸುವ ಸಾಧನಗಳು ಎಷ್ಟು ಶಕ್ತಿಯುಳ್ಳವಾಗಿರಬೇಕೆಂಬುದನ್ನು ಲೆಕ್ಕದಿಂದ ನಿಶ್ಚಯಿಸುವ ಕ್ರಮವೇ ಪ್ರಮಾಣನಿರ್ಣಯ. ಈ ಮೂರು ಕೆಲಸಗಳೂ ಬಹುಕಾಲ ಮೂವರು ಬೇರೆ ಬೇರೆ ಕಸಬುದಾರರ ಕೈಯಲ್ಲಿದ್ದು, ಒಬ್ಬನು ಮಾಡಿದುದನ್ನು ಇನ್ನೊಬ್ಬನು ವಿಚಾರಿಸದೆ ನಡೆಯುತ್ತಿದ್ದುದರಿಂದ, ಇವು ಪ್ರತ್ಯೇಕವಾದ ಸಮಸ್ಯೆಗಳೆಂಬ ಭಾವನೆ ಇಂದಿಗೂ ಉಳಿದುಬಂದಿದೆ. ವಸ್ತುತಃ ಕಿಟಕಿಯ ಸಂದಿನಲ್ಲಿ ನುಸುಳುವ ಗಾಳಿ ಬಾಯ್ಲರಿನ ಹೊರೆಯನ್ನು ಹೆಚ್ಚಿಸುತ್ತದೆ. ಬಚ್ಚಲಿನ ಹಬೆ ವಾಯುಸಂಚಾರದ ಅಳತೆಯನ್ನು ಗೊತ್ತುಮಾಡುತ್ತದೆ. ಸ್ನಾನದ ನೀರಿನ ಬೇಡಿಕೆಯಾದರೋ ಎಷ್ಟೋ ಮನೆಗಳಲ್ಲಿ ಕೊಠಡಿಗಳ ಚಳಿಗಿಂತ ದೊಡ್ಡ ಯಂತ್ರವನ್ನು ಕೊಳ್ಳುವಂತೆ ಮಾಡುತ್ತದೆ. ಆದುದರಿಂದ ಮೂರನ್ನೂ ಒಂದೇ ಲೆಕ್ಕದ ಮೂರು ಅಂಗಗಳೆಂದು ಭಾವಿಸಿ, ಯಂತ್ರವನ್ನು ಆರಿಸುವುದಕ್ಕೆ ಮುನ್ನ ಮನೆಯನ್ನು ಅಳೆಯತಕ್ಕುದು. ಇಂಗ್ಲೆಂಡಿನ ಒಂದು ಸಾಧಾರಣ ಮನೆಯನ್ನು ನಿದರ್ಶನವಾಗಿಟ್ಟುಕೊಂಡು ಆ ಲೆಕ್ಕದ ಸ್ವರೂಪವನ್ನು ಇಲ್ಲಿ ವಿವರಿಸಲಾಗುವುದು.

ಬೆಂಕಿಯನ್ನು ಒಂದೆಡೆ ಉರಿಸಿ ಅದರ ಕಾವನ್ನು ಮತ್ತೊಂದೆಡೆಗೆ ಒಯ್ಯುವ ಉಪಾಯ ಪ್ರಾಚೀನವಾದುದು. ರೋಮನರು ನೆಲದಡಿಯ ಪೊಳ್ಳಿನಲ್ಲಿ ಬಿಸಿಹೊಗೆಯನ್ನು ಹರಿಸುತ್ತಿದ್ದರು. ಕೊರಿಯಾದ ಓಂಡೊಲ್ ಎಂಬ ನೆಲಗಾವಿನ ಪದ್ಧತಿಯೂ ಅದೇ ಜಾತಿಯದು. ಲಂಡನ್ನಿನಲ್ಲಿ ಏಂಜಿಯರ್ ಮಾರ್ಚ್ ಪರ್ಕಿನ್ಸ್ ಎಂಬಾತನು ಸಣ್ಣ ಬಾಯಿಯ ಮುಚ್ಚಿದ ಕೊಳವೆಗಳಲ್ಲಿ ಅಧಿಕ ಒತ್ತಡದ ಬಿಸಿನೀರನ್ನು ಸಂಚರಿಸುವಂತೆ ಮಾಡುವ ವಿಧಾನಕ್ಕೆ ೧೮೩೧ರಲ್ಲಿ ಹಕ್ಕುಪತ್ರವನ್ನು ಪಡೆದನು. ಆ ಶತಮಾನದ ನಡುವಿನಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ಫ್ರಾಂಜ್ ಸಾನ್ ಗಲ್ಲಿ ಎರಕದ ಕಬ್ಬಿಣದ ರೇಡಿಯೇಟರನ್ನು ರೂಪಿಸಿದನು. ಸಾಧನಗಳು ಹೀಗೆ ಮುಂದೆ ಹೋದುವು. ಲೆಕ್ಕ ನಿಧಾನವಾಗಿ ಹಿಂದೆ ಬಂದಿತು. ಘನವಸ್ತುವಿನೊಳಗೆ ಉಷ್ಣವು ಹರಿಯುವ ನಿಯಮವನ್ನು ಫೂರಿಯೇ ೧೮೨೨ರಲ್ಲಿಯೇ ಗ್ರಂಥರೂಪದಲ್ಲಿ ಪ್ರಕಟಿಸಿದ್ದನಾದರೂ, ಅದನ್ನು ಗೋಡೆಗೂ ಕಿಟಕಿಗೂ ಅನ್ವಯಿಸಿ ಕಸಬುದಾರನ ಕೈಗೆ ಕೊಡುವ ಕಾರ್ಯ ನೆರವೇರುವುದಕ್ಕೆ ದಶಕಗಳೇ ಬೇಕಾದುವು. ೧೮೮೫ರಲ್ಲಿ ಬರ್ಲಿನ್ನಿನ ತಾಂತ್ರಿಕ ವಿದ್ಯಾಲಯದಲ್ಲಿ ತಾಪನ ಮತ್ತು ವಾಯುಸಂಚಾರಗಳ ಪ್ರಾಧ್ಯಾಪಕನಾಗಿ ನೇಮಕಗೊಂಡ ಹೆರ್ಮನ್ ರೀಟ್ಷೆಲ್ ೧೮೯೩ರಲ್ಲಿ ಹೊರತಂದ ಕೈಪಿಡಿ ಈ ಶಾಸ್ತ್ರಕ್ಕೆ ಅಡಿಗಲ್ಲೆನ್ನಬಹುದು. ಮರುವರ್ಷವೇ ಅಮೆರಿಕದಲ್ಲಿ ಈ ವೃತ್ತಿಯವರ ಸಂಘ ಸ್ಥಾಪಿತವಾಯಿತು. ಇಂದು ಯೂರೋಪಿನಲ್ಲಿ ಇಎನ್ ೧೨೮೩೧ ಎಂಬ ಮಾನಕವೂ, ಅಮೆರಿಕದ ಮನೆಗಳಿಗೆ ಮ್ಯಾನ್ಯುಯಲ್ ಜೆ ಎಂಬ ಗ್ರಂಥವೂ ಪ್ರಮಾಣವಾಗಿವೆ. ಇವುಗಳ ವಿವರಗಳು ಭಿನ್ನವಾದರೂ ತತ್ತ್ವ ಒಂದೇ.

ಆ ತತ್ತ್ವ ಸರಳವಾದುದು. ಮನೆಯೆಂಬುದು ತೂತುಬಿದ್ದ ಕೊಡದಂತೆ. ಒಳಗಿನ ಮಟ್ಟ ಇಳಿಯಬಾರದೆಂದರೆ ಸೋರುವಷ್ಟನ್ನೇ ತುಂಬುತ್ತಿರಬೇಕು, ಹೆಚ್ಚಲ್ಲ, ಕಡಮೆಯಲ್ಲ. ಸೋರಿಕೆಗೆ ಎರಡು ದಾರಿಗಳು. ಮೊದಲನೆಯದು ಗೋಡೆ, ಮಾಡು, ನೆಲ, ಕಿಟಕಿಗಳ ಮೂಲಕ ನಡೆಯುವ ಉಷ್ಣವಹನ. ಒಂದು ಚದರ ಮೀಟರ್ ಮೈಯಿಂದ, ಒಳಗೂ ಹೊರಗೂ ಒಂದು ಡಿಗ್ರಿಯ ಅಂತರವಿರುವಾಗ, ಎಷ್ಟು ವಾಟ್ ಉಷ್ಣ ದಾಟಿಹೋಗುವುದೆಂಬುದನ್ನು ಯು ಮೌಲ್ಯವೆಂದು ಕರೆಯುವುದು ವಾಡಿಕೆ. ಒಂಬತ್ತಂಗುಲದ ಗಟ್ಟಿ ಇಟ್ಟಿಗೆ ಗೋಡೆಗೆ ಇದು ಸುಮಾರು ೨.೧, ಒಂಟಿಗಾಜಿನ ಕಿಟಕಿಗೆ ೫ರ ಸಮೀಪ, ಇಂದಿನ ಒಳ್ಳೆಯ ಜೋಡಿಗಾಜಿಗೆ ೧.೪, ಮುಪ್ಪದರದ ಗಾಜಿಗೆ ೦.೮, ಉಷ್ಣರೋಧಕವನ್ನು ದಪ್ಪವಾಗಿ ಹೊದಿಸಿದ ಮಾಡಿಗೆ ೦.೧೬. ಪ್ರತಿಯೊಂದು ಭಾಗದ ವಿಸ್ತೀರ್ಣವನ್ನು ಅದರ ಮೌಲ್ಯದಿಂದ ಗುಣಿಸಿ ಕೂಡಿಸಿದರೆ, ಒಂದು ಡಿಗ್ರಿಯ ಅಂತರಕ್ಕೆ ಮನೆಯ ಮೈಯೆಲ್ಲ ಕಳೆದುಕೊಳ್ಳುವ ಉಷ್ಣ ದೊರೆಯುತ್ತದೆ. ಎರಡನೆಯ ದಾರಿ ಗಾಳಿಯದು. ಒಂದು ಘನಮೀಟರ್ ಗಾಳಿಯನ್ನು ಒಂದು ಡಿಗ್ರಿ ಬಿಸಿಮಾಡಲು ೦.೩೩ ವಾಟ್-ಗಂಟೆ ಬೇಕಾಗುವುದರಿಂದ, ಮನೆಯ ಘನಪ್ರಮಾಣವನ್ನು ಗಂಟೆಗೆ ಎಷ್ಟು ಸಲ ಗಾಳಿ ಬದಲಾಗುವುದೋ ಆ ಸಂಖ್ಯೆಯಿಂದಲೂ ೦.೩೩ರಿಂದಲೂ ಗುಣಿಸಿದರೆ ಸಾಕು.

ಇನ್ನು ಒಳಗೂ ಹೊರಗೂ ಎಷ್ಟು ಡಿಗ್ರಿಗಳ ಅಂತರವನ್ನು ಹಿಡಿಯಬೇಕೆಂಬ ಪ್ರಶ್ನೆ. ಕುಳಿತುಕೊಳ್ಳುವ ಕೋಣೆಗೆ ೨೧, ಮಲಗುವ ಕೋಣೆಗೆ ೧೮, ಬಚ್ಚಲಿಗೆ ೨೨ ಡಿಗ್ರಿಗಳೆಂಬುದು ಇಂಗ್ಲೆಂಡಿನ ರೂಢಿ. ಹೊರಗಿನ ಉಷ್ಣತೆಯಾದರೋ ಆ ಊರಿನಲ್ಲಿ ಎಂದೋ ಒಮ್ಮೆ ದಾಖಲಾದ ಪರಮಾವಧಿ ಶೈತ್ಯವಲ್ಲ. ಚಳಿಗಾಲದ ಕೆಲವೇ ಗಂಟೆಗಳನ್ನುಳಿದು ಮಿಕ್ಕೆಲ್ಲ ಕಾಲದಲ್ಲಿ ಪಾದರಸವು ಯಾವ ಮಟ್ಟಕ್ಕಿಂತ ಕೆಳಗಿಳಿಯದೋ ಆ ಮಟ್ಟ. ಲಂಡನ್ನಿಗೆ ಅದನ್ನು −೨ ಅಥವಾ −೩ ಡಿಗ್ರಿಯೆಂದು ಹಿಡಿಯುತ್ತಾರೆ. ಜರ್ಮನಿಯ ಹಳೆಯ ಕೋಷ್ಟಕಗಳಲ್ಲಿ ಬರ್ಲಿನ್ನಿಗೆ −೧೪, ಮ್ಯೂನಿಕ್ಕಿಗೆ −೧೬ ಎಂದು ಕೊಟ್ಟಿದೆ. ಉಳಿದ ಆ ಕೆಲವು ಗಂಟೆಗಳಲ್ಲಿ ಮನೆ ಒಂದೆರಡು ಡಿಗ್ರಿ ತಣ್ಣಗಾದರೆ ಆಗಲಿ ಎಂಬ ಒಪ್ಪಂದ ಇದರಲ್ಲಿ ಅಡಗಿದೆ. ಇಟ್ಟಿಗೆ ಗೋಡೆಗಳು ತಮ್ಮಲ್ಲಿ ಕೂಡಿಟ್ಟ ಕಾವು ಆ ಕೊರತೆಯನ್ನು ಬಹುಮಟ್ಟಿಗೆ ಮುಚ್ಚಿಕೊಡುತ್ತದೆ.

ಎರಡು ವಿಶ್ವಯುದ್ಧಗಳ ನಡುವಣ ಕಾಲದಲ್ಲಿ ಇಂಗ್ಲೆಂಡಿನ ಊರಂಚುಗಳಲ್ಲಿ ಲಕ್ಷಾಂತರವಾಗಿ ಎದ್ದ, ಒಂದು ಪಕ್ಕದ ಗೋಡೆಯನ್ನು ನೆರೆಮನೆಯೊಡನೆ ಹಂಚಿಕೊಂಡ, ಎರಡಂತಸ್ತಿನ ಮನೆಯೊಂದನ್ನು ಭಾವಿಸಿಕೊಳ್ಳೋಣ. ಪ್ರತಿ ಅಂತಸ್ತೂ ೪೫ ಚದರ ಮೀಟರ್. ಒಳಗಿನ ಘನಪ್ರಮಾಣ ೨೨೫ ಘನಮೀಟರ್. ಬಯಲಿಗೆ ತೆರೆದ ಗೋಡೆ ೮೦ ಚದರ ಮೀಟರ್, ಕಿಟಕಿ ಬಾಗಿಲುಗಳು ೧೮. ಗೋಡೆ ಗಟ್ಟಿ ಇಟ್ಟಿಗೆಯದಾಗಿ, ಗಾಜು ಒಂಟಿಯಾಗಿ, ಮಾಡಿಗೆ ಹೊದಿಕೆಯಿಲ್ಲದೆ ಇದ್ದರೆ, ಒಂದು ಡಿಗ್ರಿಯ ಅಂತರಕ್ಕೆ ಗೋಡೆಯಿಂದ ೧೬೮ ವಾಟ್, ಮಾಡಿನಿಂದ ೧೦೩, ಕಿಟಕಿಗಳಿಂದ ೮೬, ನೆಲದಿಂದ ೩೧ ವಾಟ್ ನಷ್ಟವಾಗುವುವು. ಇಂತಹ ಮನೆಯಲ್ಲಿ ಹೊಗೆಗೂಡು, ಹಲಗೆಯ ನೆಲ, ಸಡಿಲ ಚೌಕಟ್ಟುಗಳ ದೆಸೆಯಿಂದ ಗಾಳಿ ಗಂಟೆಗೆ ಒಂದೂವರೆ ಸಲ ಬದಲಾಗುವುದೆಂದು ಹಿಡಿದರೆ ಅದರಿಂದ ೧೧೧ ವಾಟ್. ಒಟ್ಟು ಸುಮಾರು ೫೦೦. ಒಳಗೆ ೨೧, ಹೊರಗೆ −೩ ಎಂದು ೨೪ ಡಿಗ್ರಿಯ ಅಂತರವನ್ನಿಟ್ಟುಕೊಂಡರೆ ತಾಪನದ ಹೊರೆ ೧೨ ಕಿಲೋವಾಟ್ ಆಗುತ್ತದೆ.

ಅದೇ ಮನೆಯ ಗೋಡೆಗೆ ರೋಧಕವನ್ನು ಕಟ್ಟಿ ೦.೩ಕ್ಕೂ, ಮಾಡನ್ನು ೦.೧೬ಕ್ಕೂ, ನೆಲವನ್ನು ೦.೨೫ಕ್ಕೂ, ಕಿಟಕಿಯನ್ನು ೧.೪ಕ್ಕೂ ಇಳಿಸಿ, ಸಂದುಗಳನ್ನು ಮುಚ್ಚಿ ಗಾಳಿಯ ಬದಲಾವಣೆಯನ್ನು ಗಂಟೆಗೆ ಅರ್ಧಕ್ಕೆ ತಂದರೆ, ಗೋಡೆ ಮಾಡುಗಳೇ ಮೊದಲಾದ ಮೈಯ ನಷ್ಟ ೬೮ ವಾಟಿಗೂ ಗಾಳಿಯ ನಷ್ಟ ೩೭ ವಾಟಿಗೂ ಇಳಿದು, ಒಟ್ಟು ಹೊರೆ ಎರಡೂವರೆ ಕಿಲೋವಾಟ್ ಮಾತ್ರವಾಗುತ್ತದೆ. ಮೂಲೆಗಳಲ್ಲಿಯೂ ಕಿಟಕಿಯ ಅಂಚುಗಳಲ್ಲಿಯೂ ರೋಧಕವು ಕಡಿದುಹೋಗಿ ಉಷ್ಣ ಹಾಯುವ ಸೇತುವೆಗಳನ್ನು ಸೇರಿಸಿದರೆ ಈ ಸಂಖ್ಯೆ ಸ್ವಲ್ಪ ಏರುವುದು ನಿಜ. ಮುಖ್ಯವಾಗಿ ಗಮನಿಸತಕ್ಕ ವಿಷಯ ಬೇರೆ. ಹಳೆಯ ಸ್ಥಿತಿಯಲ್ಲಿ ಗಾಳಿಯ ಪಾಲು ಒಟ್ಟು ನಷ್ಟದ ನಾಲ್ಕನೆಯ ಒಂದಕ್ಕಿಂತಲೂ ಕಡಮೆಯಿದ್ದುದು, ಗೋಡೆಗಳು ಸುಧಾರಿಸಿದ ಮೇಲೆ ಮೂರನೆಯ ಒಂದಕ್ಕಿಂತಲೂ ಹೆಚ್ಚಾಯಿತು. ಗೋಡೆಯನ್ನು ಚೆನ್ನಾಗಿ ಮಾಡಿದಷ್ಟೂ ಗಾಳಿಯೇ ಪ್ರಧಾನವಾಗುತ್ತ ಬರುವುದರಿಂದ, ವಾಯುಸಂಚಾರವನ್ನು ಕಡೆಯಲ್ಲಿ ಯೋಚಿಸೋಣವೆಂಬ ಕಟ್ಟಡದವರ ಅಭ್ಯಾಸ ಹೊಸ ಮನೆಗಳಲ್ಲಿ ಸರಿಬರುವುದಿಲ್ಲ.

ಈ ಲೆಕ್ಕವನ್ನು ಇಡೀ ಮನೆಗೆ ಒಮ್ಮೆಯೂ ಪ್ರತಿಯೊಂದು ಕೋಣೆಗೆ ಬೇರೆಯಾಗಿಯೂ ಮಾಡಬೇಕು. ಬಾಯ್ಲರಿಗೆ ಮೊದಲನೆಯದು, ರೇಡಿಯೇಟರುಗಳಿಗೆ ಎರಡನೆಯದು. ಕೋಣೆಗಳ ಹೊರೆಗಳನ್ನೆಲ್ಲ ಕೂಡಿಸಿದರೆ ಬರುವ ಮೊತ್ತ ಮನೆಯ ಹೊರೆಗಿಂತ ಹೆಚ್ಚಾಗಿರುವುದನ್ನು ಕಂಡು ಹೊಸಬರು ಬೆರಗಾಗುವುದುಂಟು. ಗಾಳಿ ಬೀಸುವ ಕಡೆಯ ಕೋಣೆಗಳಲ್ಲಿ ಒಳನುಗ್ಗಿದ ಶೀತವಾಯುವೇ ಬೆಚ್ಚಗಾಗಿ ಎದುರು ಕಡೆಯ ಕೋಣೆಗಳಿಂದ ಹೊರಬೀಳುವುದರಿಂದ, ಎಲ್ಲ ಕೋಣೆಗಳೂ ಏಕಕಾಲದಲ್ಲಿ ಪೂರ್ಣವಾದ ಶೀತವಾಯುವನ್ನು ಎದುರಿಸುವ ಸಂಭವವಿಲ್ಲವೆಂಬುದೇ ಅದರ ಕಾರಣ. ಮನೆಯನ್ನು ಬೆಳಿಗ್ಗೆಯೂ ಸಂಜೆಯೂ ಮಾತ್ರ ಕಾಯಿಸುವ ಬ್ರಿಟಿಷರ ಅಭ್ಯಾಸಕ್ಕೆ ತಣ್ಣಗಾದ ಗೋಡೆಗಳನ್ನು ಬೇಗನೆ ಬಿಸಿಮಾಡಲು ಸ್ವಲ್ಪ ಅಧಿಕ ಶಕ್ತಿ ಬೇಕು. ಹಗಲಿರುಳೂ ಒಂದೇ ಸಮನಾಗಿ ಕಾಯಿಸುವವರಿಗೆ ಅದು ಬೇಡ.

ಇಷ್ಟೆಲ್ಲ ಶ್ರಮವೇಕೆ, ದೊಡ್ಡದೊಂದು ಬಾಯ್ಲರನ್ನು ಕೂಡಿಸಿದರೆ ಮುಗಿಯಿತಲ್ಲ ಎನ್ನುವವರು ಬಹಳ. ಕೋಣೆಗಳನ್ನೋ ರೇಡಿಯೇಟರುಗಳನ್ನೋ ಎಣಿಸಿ, ಮೇಲೆ ಒಂದಿಷ್ಟು ಭದ್ರತೆಗೆಂದು ಸೇರಿಸಿ, ಬಾಯ್ಲರನ್ನು ಗೊತ್ತುಮಾಡುವ ಪದ್ಧತಿ ಇಂಗ್ಲೆಂಡಿನಲ್ಲಿ ಬಹುಕಾಲ ನಡೆಯಿತು. ಕಲ್ಲಿದ್ದಲೂ ಅನಿಲವೂ ಅಗ್ಗವಾಗಿದ್ದ ದಿನಗಳಲ್ಲಿ ಅದರ ದೋಷ ಕಣ್ಣಿಗೆ ಬೀಳಲಿಲ್ಲ. ಅಲ್ಲದೆ ಮನೆ ತಣ್ಣಗಿದ್ದರೆ ಯಜಮಾನನು ದೂರುತ್ತಾನೆ, ಇಂಧನ ಪೋಲಾದರೆ ದೂರುವುದಿಲ್ಲ ಎಂಬುದನ್ನು ಕಸಬುದಾರರು ಚೆನ್ನಾಗಿ ಬಲ್ಲರು. ಅತಿಪ್ರಮಾಣದ ಬಾಯ್ಲರು ಕ್ಷಣದಲ್ಲಿ ನೀರನ್ನು ಕಾಯಿಸಿ ಆರಿಹೋಗುತ್ತದೆ, ಮತ್ತೆ ಹೊತ್ತಿಕೊಳ್ಳುತ್ತದೆ. ಈ ಆರಿ ಹೊತ್ತುವಿಕೆಯಲ್ಲಿ ಇಂಧನವೂ ವ್ಯರ್ಥ, ಯಂತ್ರದ ಆಯುಸ್ಸೂ ಕ್ಷೀಣ. ಇಂಗ್ಲೆಂಡಿನಲ್ಲಿ ೨೦೦೫ರಿಂದ ಕಡ್ಡಾಯಪ್ರಾಯವಾದ ಸಾಂದ್ರೀಕರಣ ಬಾಯ್ಲರುಗಳು ಹೊಗೆಯಲ್ಲಿನ ನೀರಾವಿಯನ್ನು ದ್ರವವಾಗಿಸಿ ಅದರ ಗುಪ್ತೋಷ್ಣವನ್ನು ಹಿಂಪಡೆಯುವಂಥವು; ಮರಳಿ ಬರುವ ನೀರು ಸುಮಾರು ೫೫ ಡಿಗ್ರಿಗಿಂತ ಕೆಳಗಿದ್ದರಷ್ಟೆ ಆ ಲಾಭ ದೊರೆಯುವುದರಿಂದ, ಹೆಸರಿಗೆ ಮಾತ್ರ ಸಾಂದ್ರೀಕರಣವಾಗಿ ಎಂದೂ ಸಾಂದ್ರೀಕರಿಸದ ಬಾಯ್ಲರುಗಳು ಎಷ್ಟೋ ಮನೆಗಳಲ್ಲಿವೆ.

ಇದರಿಂದ ರೇಡಿಯೇಟರಿನ ಅಳತೆಗೂ ನೀರಿನ ಕಾವಿಗೂ ಇರುವ ಸಂಬಂಧ ತಿಳಿದುಬರುತ್ತದೆ. ರೇಡಿಯೇಟರುಗಳ ಶಕ್ತಿಯನ್ನು ೭೫ ಡಿಗ್ರಿಯಲ್ಲಿ ಹೋಗಿ ೬೫ರಲ್ಲಿ ಮರಳುವ ನೀರಿಗೆ, ೨೦ ಡಿಗ್ರಿಯ ಕೋಣೆಯಲ್ಲಿ ಪರೀಕ್ಷಿಸಿ ನಮೂದಿಸುತ್ತಾರೆ. ನೀರಿನ ಸರಾಸರಿ ಉಷ್ಣತೆಯನ್ನು ೫೦ಕ್ಕೆ ಇಳಿಸಿದರೆ ೨೦೦೦ ವಾಟಿನದೆಂದು ಮಾರಿದ ರೇಡಿಯೇಟರು ಸಾವಿರದಷ್ಟನ್ನೇ ಕೊಡುತ್ತದೆ. ಹೊರಗಿನ ಗಾಳಿಯಿಂದಲೋ ನೆಲದಿಂದಲೋ ಉಷ್ಣವನ್ನು ಎತ್ತಿ ಒಳತರುವ ಹೀಟ್ ಪಂಪಿನಲ್ಲಿ ಈ ವಿಚಾರವೇ ನಿರ್ಣಾಯಕ. ಏಕೆಂದರೆ ಅದು ನೀರನ್ನು ಹೆಚ್ಚು ಬಿಸಿಮಾಡಬೇಕಾದಷ್ಟೂ ಹೆಚ್ಚು ವಿದ್ಯುತ್ತನ್ನು ನುಂಗುತ್ತದೆ. ಆಸ್ಟ್ರಿಯಾದ ಪೀಟರ್ ಫಾನ್ ರಿಟಿಂಗರ್ ೧೮೫೬ರಲ್ಲಿ ಉಪ್ಪುನೀರನ್ನು ಬತ್ತಿಸಲು ಈ ಯಂತ್ರದ ಮೂಲರೂಪವನ್ನು ನಿರ್ಮಿಸಿದ್ದನು. ಮನೆಗಳಿಗೆ ಅದು ವ್ಯಾಪಕವಾಗಿ ಬಂದುದು ತೀರ ಈಚೆಗೆ. ಹೀಟ್ ಪಂಪಿನೊಡನೆ ರೇಡಿಯೇಟರುಗಳನ್ನು ದೊಡ್ಡವಾಗಿ ಮಾಡಬೇಕು, ಇಲ್ಲವೆ ನೆಲದೊಳಗೆ ಕೊಳವೆಗಳನ್ನು ಹಾಸಬೇಕು. ನೆಲದ ಮೈ ೨೯ ಡಿಗ್ರಿಯನ್ನು ಮೀರಿದರೆ ಅಂಗಾಲಿಗೆ ಹಿತವಲ್ಲವಾದುದರಿಂದ ಅಲ್ಲಿ ಚದರ ಮೀಟರಿಗೆ ೧೦೦ ವಾಟಿಗಿಂತ ಹೆಚ್ಚನ್ನು ನಿರೀಕ್ಷಿಸುವಂತಿಲ್ಲ.

ಬಿಸಿನೀರಿನ ಲೆಕ್ಕದಲ್ಲಿ ಋತುವಿಗಿಂತ ಮನುಷ್ಯರ ಅಭ್ಯಾಸ ಮುಖ್ಯ. ಒಂದು ಲೀಟರನ್ನು ಒಂದು ಡಿಗ್ರಿ ಏರಿಸಲು ೧.೧೬ ವಾಟ್-ಗಂಟೆ ಬೇಕು. ತಲೆಗೆ ದಿನಕ್ಕೆ ೪೫ ಲೀಟರಿನಂತೆ ನಾಲ್ವರ ಸಂಸಾರಕ್ಕೆ ೧೮೦ ಲೀಟರನ್ನು ೧೦ ಡಿಗ್ರಿಯಿಂದ ೬೦ಕ್ಕೆ ಏರಿಸುವುದಕ್ಕೆ ಸುಮಾರು ಹತ್ತೂವರೆ ಯೂನಿಟ್ಟುಗಳು. ಕೊಳಗದಲ್ಲಿ ಕೂಡಿಟ್ಟುಕೊಳ್ಳುವುದಾದರೆ ೩ ಕಿಲೋವಾಟಿನ ಸಾಧನ ಮೂರೂವರೆ ಗಂಟೆಯಲ್ಲಿ ಇದನ್ನು ಮುಗಿಸುತ್ತದೆ. ಕೂಡಿಡದೆ, ನಲ್ಲಿ ತಿರುಗಿಸಿದಾಗಲೇ ಕಾಯಿಸುವ ಪದ್ಧತಿಯಲ್ಲಾದರೋ, ನಿಮಿಷಕ್ಕೆ ೮ ಲೀಟರ್ ಸುರಿಯುವ ಸಾಮಾನ್ಯ ತುಂತುರು ಸ್ನಾನಕ್ಕೇ ೧೭ ಕಿಲೋವಾಟ್ ಬೇಕಾಗುತ್ತದೆ! ಕೊಠಡಿಗಳಿಗೆ ಎರಡೂವರೆ ಕಿಲೋವಾಟ್ ಸಾಕಾದ ಮನೆಯಲ್ಲಿ ೨೪ ಕಿಲೋವಾಟಿನ ಜೋಡುಬಾಯ್ಲರು ಗೋಡೆಯ ಮೇಲೆ ಕುಳಿತಿರುವುದಕ್ಕೆ ಕಾರಣ ಇದೇ: ಹತ್ತು ನಿಮಿಷದ ಸ್ನಾನಕ್ಕಾಗಿ ಆರಿಸಿದ ಯಂತ್ರ ಚಳಿಗಾಲವೆಲ್ಲ ಕೊಠಡಿಗಳ ಕೆಲಸವನ್ನೂ ಒಲ್ಲದ ಮನಸ್ಸಿನಿಂದ ಮಾಡುತ್ತಿರುತ್ತದೆ. ತನ್ನ ಗರಿಷ್ಠದ ಐದನೆಯ ಒಂದು ಪಾಲಿಗೆ ತಗ್ಗಬಲ್ಲ ಬಾಯ್ಲರು ಸಹ ೫ ಕಿಲೋವಾಟಿನ ಕೆಳಕ್ಕೆ ಇಳಿಯಲಾರದು. ಚೆನ್ನಾಗಿ ಹೊದಿಸಿದ ಮನೆಗೆ ಕೊಳಗವೇ ಮೇಲೆಂಬುದು ಈ ಲೇಖಕನ ಅಭಿಪ್ರಾಯ.

ಕೂಡಿಟ್ಟ ನೀರಿಗೆ ಒಂದು ಅಪಾಯವುಂಟು. ೧೯೭೬ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದ ಹೋಟೆಲೊಂದರಲ್ಲಿ ನೆರೆದಿದ್ದ ಮಾಜಿ ಸೈನಿಕರಲ್ಲಿ ಹಲವರು ಅಜ್ಞಾತವಾದ ಶ್ವಾಸಕೋಶದ ಜ್ವರದಿಂದ ಮೃತರಾದಾಗ, ಅದಕ್ಕೆ ಕಾರಣವಾದ ಲೀಜಿಯೊನೆಲ್ಲ ಎಂಬ ಸೂಕ್ಷ್ಮಜೀವಿ ಪತ್ತೆಯಾಯಿತು. ಅದು ೨೦ರಿಂದ ೪೫ ಡಿಗ್ರಿಗಳ ಬೆಚ್ಚನೆಯ ನಿಂತ ನೀರಿನಲ್ಲಿ ವೃದ್ಧಿಹೊಂದುವುದರಿಂದ ಕೊಳಗವನ್ನು ೬೦ ಡಿಗ್ರಿಯಲ್ಲಿಡುವುದು, ಇಲ್ಲವೆ ಕಡಮೆ ಕಾವಿನಲ್ಲಿಟ್ಟು ಆಗಾಗ ೬೦ಕ್ಕೆ ಏರಿಸುವುದು ಕ್ರಮ. ಆ ಕಾವು ಮೈಮೇಲೆ ಬಿದ್ದರೆ ಸುಡುವುದರಿಂದ, ಇಂಗ್ಲೆಂಡಿನ ಹೊಸ ಮನೆಗಳ ಸ್ನಾನದ ತೊಟ್ಟಿಗೆ ಬರುವ ನೀರು ೪೮ ಡಿಗ್ರಿಯನ್ನು ಮೀರದಂತೆ ತಣ್ಣೀರನ್ನು ಬೆರಸುವ ಕವಾಟವನ್ನು ಅಳವಡಿಸಬೇಕೆಂದು ವಿಧಿಸಲಾಗಿದೆ.

ಕರ್ನಾಟಕದಲ್ಲಿ ಕೊಠಡಿಗಳನ್ನು ಕಾಯಿಸುವ ಪ್ರಮೇಯ ಸಾಮಾನ್ಯವಾಗಿ ಇಲ್ಲವಾದರೂ ಬಿಸಿನೀರಿನ ಗಣಿತ ಇಲ್ಲಿಯೂ ಇದೇ. ಬೆಂಗಳೂರಿನ ಚಳಿಗಾಲದ ೨೨ ಡಿಗ್ರಿ ನೀರನ್ನು ೬೦ಕ್ಕೆ ಏರಿಸಲು ನೂರು ಲೀಟರಿಗೆ ಸುಮಾರು ನಾಲ್ಕೂವರೆ ಯೂನಿಟ್ ಸಾಕು. ಎರಡು ಚದರ ಮೀಟರಿನ ಸೌರಫಲಕ ಬಿಸಿಲುಳ್ಳ ದಿನದಲ್ಲಿ ಅದನ್ನು ಒದಗಿಸುತ್ತದೆ. ಹಂಡೆಯೊಲೆಯುಳ್ಳ ಹಳೆಯ ಬಚ್ಚಲುಮನೆಯೂ ಒಂದು ಸಂಗ್ರಹಪದ್ಧತಿಯೇ. ನೀರು ತುಂಬುವ ಹಬ್ಬದ ಮರುದಿನ ಸೂರ್ಯೋದಯಕ್ಕೆ ಮುನ್ನ ಮನೆಮಂದಿಯೆಲ್ಲ ಎಣ್ಣೆಸ್ನಾನ ಮಾಡುವ ನರಕಚತುರ್ದಶಿಯಂದು ಗರಿಷ್ಠ ಬೇಡಿಕೆಯೆಂದರೇನೆಂಬುದು ಯಾವ ಗ್ರಂಥದ ನೆರವಿಲ್ಲದೆ ಅರ್ಥವಾಗುತ್ತದೆ.

ವಾಯುಸಂಚಾರಕ್ಕೆ ಶಾಸ್ತ್ರೀಯವಾದ ಬುನಾದಿಯನ್ನು ಹಾಕಿದವನು ಮ್ಯೂನಿಕ್ಕಿನ ಮಾಕ್ಸ್ ಫಾನ್ ಪೆಟೆನ್‌ಕೋಫರ್. ಮನುಷ್ಯರು ಬಿಡುವ ಅಂಗಾರಾಮ್ಲವಾಯುವೇ ಗಾಳಿಯ ಕೆಡುಕಿಗೆ ಒಳ್ಳೆಯ ಸೂಚಿಯೆಂದೂ, ಅದು ಸಾವಿರಕ್ಕೆ ಒಂದು ಪಾಲನ್ನು ಮೀರಬಾರದೆಂದೂ ೧೮೫೮ರಲ್ಲಿ ಆತನು ಪ್ರತಿಪಾದಿಸಿದನು. ಆ ಮಿತಿ ಇಂದಿಗೂ ಬಳಕೆಯಲ್ಲಿದೆ. ಇದಕ್ಕೆ ತೇವಾಂಶದ ವಿಚಾರವೂ ಸೇರುತ್ತದೆ. ನಾಲ್ವರ ಸಂಸಾರ ಉಸಿರು, ಅಡಿಗೆ, ಸ್ನಾನ, ಒಗೆದ ಬಟ್ಟೆಗಳ ಮೂಲಕ ದಿನಕ್ಕೆ ಹತ್ತು ಲೀಟರಿನಷ್ಟು ನೀರನ್ನು ಗಾಳಿಗೆ ಸೇರಿಸುತ್ತದೆ. ಅದು ಹೊರಹೋಗದಿದ್ದರೆ ತಣ್ಣನೆಯ ಮೂಲೆಗಳಲ್ಲಿ ಬೆವರಾಗಿ ಬೂಷ್ಟು ಹಿಡಿಯುತ್ತದೆ. ಇಂಗ್ಲೆಂಡಿನ ೨೦೨೧ರ ನಿಬಂಧನೆ ಮೂರು ಮಲಗುವ ಕೋಣೆಗಳ ಮನೆಗೆ ಸೆಕೆಂಡಿಗೆ ೩೧ ಲೀಟರ್ ಹೊಸ ಗಾಳಿಯನ್ನು ಗೊತ್ತುಪಡಿಸಿದೆ. ನಮ್ಮ ನಿದರ್ಶನದ ಮನೆಗೆ ಇದು ಗಂಟೆಗೆ ಅರ್ಧ ಸಲದ ಬದಲಾವಣೆಗೆ ಸರಿಹೋಗುತ್ತದೆ. ಬೇಕಾದಾಗ ಮಾತ್ರ ನಡೆಯುವ ಪಂಖವಾದರೆ ಬಚ್ಚಲಿಗೆ ೧೫ ಲೀಟರಿನದು, ಒಲೆಯ ಮೇಲಣ ಹೊಗೆಕೊಡೆಗೆ ೩೦ರದು ಬೇಕು.

ಹೊರಹೋಗುವ ಬೆಚ್ಚನೆಯ ಗಾಳಿಯ ಕಾವನ್ನು ಒಳಬರುವ ಗಾಳಿಗೆ ವರ್ಗಾಯಿಸುವ ಯಂತ್ರ ಅದರಲ್ಲಿ ನೂರಕ್ಕೆ ಎಂಬತ್ತರಷ್ಟನ್ನು ಉಳಿಸಬಲ್ಲುದು. ಆದರೆ ಸಂದುಗಳಲ್ಲಿ ಸೋರುವ ಗಾಳಿ ಯಂತ್ರದ ಮೂಲಕ ಹಾಯುವುದಿಲ್ಲವಾದುದರಿಂದ, ಸೋರುವ ಮನೆಗೆ ಅದು ವ್ಯರ್ಥವೆಚ್ಚ. ಪಂಖದಿಂದ ೫೦ ಪಾಸ್ಕಲ್ ಒತ್ತಡವನ್ನು ಉಂಟುಮಾಡಿ ಸೋರಿಕೆಯನ್ನು ಅಳೆದು, ಬಂದ ಸಂಖ್ಯೆಯನ್ನು ೨೦ರಿಂದ ಭಾಗಿಸಿದರೆ ಸಾಧಾರಣ ದಿನದ ಸೋರಿಕೆ ಸ್ಥೂಲವಾಗಿ ಸಿಗುತ್ತದೆ. ಗಾಳಿಯ ಕೊಳವೆಗಳನ್ನು ಕಿರಿದು ಮಾಡಿದರೆ ಮೊರೆತ ಹುಟ್ಟುತ್ತದೆ. ಮೊರೆಯುವ ಪಂಖವನ್ನು ಮನೆಯವರು ಆರಿಸಿಬಿಡುತ್ತಾರೆ, ಅಲ್ಲಿಗೆ ಲೆಕ್ಕವೆಲ್ಲ ನಿಷ್ಫಲ.

ತಾಪನವೂ ವಾಯುಸಂಚಾರವೂ ಒಂದಾದುದಕ್ಕೆ ಶ್ರೇಷ್ಠ ನಿದರ್ಶನ ಜರ್ಮನಿಯ ಪಾಸಿಫ್‌ಹೌಸ್. ಬೋ ಆಡಮ್ಸನ್ ಮತ್ತು ವೋಲ್ಫ್‌ಗಾಂಗ್ ಫೈಸ್ಟ್ ಇವರ ಚಿಂತನೆಯ ಫಲವಾಗಿ ಡಾರ್ಮ್‌ಸ್ಟಾಟಿನ ಕ್ರಾನಿಖ್‌ಸ್ಟೈನಿನಲ್ಲಿ ಮೊದಲನೆಯವು ಸಿದ್ಧವಾಗಿ ೧೯೯೧ರಲ್ಲಿ ಜನ ವಾಸಕ್ಕೆ ಬಂದರು. ಅದರ ತರ್ಕ ಸೊಗಸಾದುದು: ಆರೋಗ್ಯಕ್ಕೆ ತಲೆಗೆ ಗಂಟೆಗೆ ೩೦ ಘನಮೀಟರ್ ಗಾಳಿ ಹೇಗೂ ಬೇಕು, ಧೂಳು ಕಮರದಂತೆ ಅದನ್ನು ೫೦ ಡಿಗ್ರಿಯ ಆಸುಪಾಸಿನವರೆಗೆ ಕಾಯಿಸಬಹುದಾದುದರಿಂದ ಅದು ಹೊತ್ತು ತರಬಲ್ಲ ಉಷ್ಣ ತಲೆಗೆ ೩೦೦ ವಾಟ್, ತಲೆಗೆ ೩೦ ಚದರ ಮೀಟರ್ ನೆಲವಿದ್ದರೆ ಚದರ ಮೀಟರಿಗೆ ೧೦ ವಾಟ್. ಮನೆಯ ಹೊರೆಯನ್ನು ಅಷ್ಟಕ್ಕೆ ಇಳಿಸಿದರೆ ರೇಡಿಯೇಟರುಗಳೇ ಬೇಡ, ಉಸಿರಾಡುವ ಗಾಳಿಯೇ ಮನೆಯನ್ನು ಬೆಚ್ಚಗಿಡುತ್ತದೆ.

ವರ್ಷದ ಖರ್ಚನ್ನು ಅಂದಾಜು ಮಾಡಲು ಡಿಗ್ರಿ-ದಿನಗಳೆಂಬ ಎಣಿಕೆ ಇದೆ. ಜನ, ದೀಪ, ಒಲೆ, ಬಿಸಿಲುಗಳೇ ಮನೆಯನ್ನು ಕೆಲವು ಡಿಗ್ರಿ ಬೆಚ್ಚಗಿಡುವುದರಿಂದ, ಬ್ರಿಟನ್ನಿನಲ್ಲಿ ಹೊರಗಿನ ಉಷ್ಣತೆ ೧೫.೫ ಡಿಗ್ರಿಗಿಂತ ಎಷ್ಟು ಕೆಳಗಿದೆಯೆಂಬುದನ್ನು ಮಾತ್ರ ದಿನದಿನವೂ ಕೂಡಿಸುತ್ತಾರೆ. ಮೊತ್ತ ೨೦೦೦ವೆಂದು ಹಿಡಿದರೆ ನಮ್ಮ ಮನೆಗೆ ಹಳೆಯ ಸ್ಥಿತಿಯಲ್ಲಿ ವರ್ಷಕ್ಕೆ ೨೪,೦೦೦ ಯೂನಿಟ್, ಸುಧಾರಿಸಿದ ಮೇಲೆ ೫,೦೦೦. ಬಿಸಿನೀರು ಎರಡು ಸ್ಥಿತಿಯಲ್ಲಿಯೂ ೩,೮೦೦ರಷ್ಟನ್ನು ಬಯಸುತ್ತದೆ. ಅಂದರೆ ಹಿಂದೆ ಏಳರಲ್ಲಿ ಒಂದು ಪಾಲಾಗಿದ್ದುದು ಈಗ ಐದರಲ್ಲಿ ಎರಡು ಪಾಲನ್ನು ಮೀರುತ್ತದೆ.

ಹೀಗಾಗಿ ಕೆಲಸದ ಅನುಕ್ರಮವೂ ಗೊತ್ತಾಗುತ್ತದೆ: ಮೊದಲು ಮನೆಯ ಮೈ, ಅನಂತರ ಗಾಳಿ, ಆಮೇಲೆ ಕೋಣೆಕೋಣೆಯ ಹೊರೆ, ನೀರಿನ ಬೇಡಿಕೆ, ಕಟ್ಟಕಡೆಗೆ ಯಂತ್ರ. ಹತ್ತು ವರ್ಷಗಳಲ್ಲಿ ಗೋಡೆಗೆ ರೋಧಕವನ್ನು ಹೊದಿಸುವ ಯೋಚನೆಯಿದ್ದರೆ ಇಂದು ಕೊಳ್ಳುವ ಬಾಯ್ಲರಿನ ಅಳತೆಗೆ ಮುನ್ನವೇ ಅದನ್ನು ತೀರ್ಮಾನಿಸಬೇಕು. ಒಂದು ಮನೆಗೆ ಈ ಎಲ್ಲ ಗಣನೆಗೆ ಅನುಭವಿಯಾದವನಿಗೆ ಒಂದು ದಿನ ಸಾಕು. ಕೋಣೆಗಳ ಅಳತೆಯನ್ನೂ ಹೊರೆಯ ಕೋಷ್ಟಕವನ್ನೂ ಮುಂದಿಡದೆ ಬಾಯ್ಲರಿನ ಕಿಲೋವಾಟನ್ನು ಬಾಯಿಮಾತಿನಲ್ಲಿ ಹೇಳುವವನಿಗೆ ಮನೆಯೊಡೆಯನು ಕೆಲಸವನ್ನು ವಹಿಸತಕ್ಕುದಲ್ಲ.